ಹಾಡು ಒಂದೇ, ಶ್ರುತಿ ಹಲವು

ಸಂಗೀತಕ್ಕೆ ಶ್ರುತಿಯೇ ತಾಯಿ, ಲಯವೇ ತಂದೆ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ತಾಯಿಯ ಮಡಿಲು ತಪ್ಪಿದ ಮಗುವಿನಂತೆ ಶ್ರುತಿ ತಪ್ಪಿದ ಹಾಡು ನೆಲೆಗಾಣದು. ಆದರೆ ಎಲ್ಲ ಮಕ್ಕಳಿಗೂ ತಾಯಿ ಒಬ್ಬಳೇ ಅಲ್ಲ. ಹಾಗೆಯೇ ಎಲ್ಲ ಹಾಡುಗಾರರಿಗೂ ಶ್ರುತಿ ಒಂದೇ ಅಲ್ಲ. ಈ ಸರಳವಾದ ಮಾತನ್ನು ನಾವು ಮರೆತಿರುವುದರಿಂದ ಪ್ರತಿವರ್ಷವೂ ಶಾಲೆಯ ವಾರ್ಷಿಕೋತ್ಸವದ ಕಾಲದಲ್ಲಿ ಒಂದು ಅನ್ಯಾಯವು ನಡೆದುಹೋಗುತ್ತದೆ. ನಾಟಕಕ್ಕೋ ಗೀತರೂಪಕಕ್ಕೋ ಒಂದು ಹಾಡನ್ನು ಆರಿಸಿ, ಅದನ್ನು ಮೊಬೈಲಿನಲ್ಲಿ ಕೇಳಿಸಿ, ಅದೇ ಎತ್ತರದಲ್ಲಿ ಹಾಡೆಂದು ಮಕ್ಕಳಿಗೆ ಹೇಳುತ್ತೇವೆ. ಕತ್ತಿನ ನರ ಉಬ್ಬಿಸಿ ಹಾಡಿದವನು ಉಳಿಯುತ್ತಾನೆ. ಎಟುಕದವನನ್ನು “ಇವನಿಗೆ ಕಂಠವಿಲ್ಲ” ಎಂದು ಹಿಂದಕ್ಕೆ ಕೂರಿಸುತ್ತೇವೆ. ಆ ತೀರ್ಪು ಸರಿಯೇ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಶ್ರುತಿ ಎಂದರೇನು?

ವಿದ್ಯಾರ್ಥಿಗಳು ಹಾರ್ಮೋನಿಯಮ್ಮನ್ನು ನೋಡಿರುವಿರಷ್ಟೆ. ಅದರಲ್ಲಿ ಒಂದು ಸ್ಥಾಯಿಗೆ 7 ಬಿಳಿಯ ಮನೆಗಳೂ 5 ಕರಿಯ ಮನೆಗಳೂ, ಒಟ್ಟು 12 ಮನೆಗಳಿರುತ್ತವೆ. ಬಿಳಿಯ ಮನೆಗಳನ್ನು ಒಂದರಿಂದ ಏಳರವರೆಗೆ ಎಣಿಸುವುದು, ನಡುವಣ ಕರಿಯ ಮನೆಯನ್ನು ಒಂದೂವರೆ, ಎರಡೂವರೆ ಎನ್ನುವುದು ಕರ್ನಾಟಕ ಸಂಗೀತದವರ ರೂಢಿ. ಗದಗು, ಧಾರವಾಡಗಳ ಕಡೆಯ ಹಿಂದೂಸ್ಥಾನಿ ಪದ್ಧತಿಯವರು ಬಿಳಿ 1, ಕರಿ 1 ಎಂದು ಬೇರೆ ಬೇರೆಯಾಗಿ ಎಣಿಸುವರು. ಒಬ್ಬರ ಎರಡೂವರೆ ಮನೆಯೇ ಇನ್ನೊಬ್ಬರ ಕರಿ 2. ಬಣ್ಣ ಯಾವುದೇ ಇರಲಿ, ಒಂದು ಮನೆಯಿಂದ ತೀರ ಪಕ್ಕದ ಮನೆಗೆ ಇರುವ ಅಂತರವನ್ನು ನಾವು ಇಲ್ಲಿ ‘ಒಂದು ಮೆಟ್ಟಿಲು’ ಎಂದು ಕರೆಯೋಣ. ಮೂರನೆಯ ಬಿಳಿಗೂ ನಾಲ್ಕನೆಯ ಬಿಳಿಗೂ ನಡುವೆ ಕರಿಯ ಮನೆಯಿಲ್ಲ. ಆದುದರಿಂದ ‘ಮೂರೂವರೆ ಮನೆ’ ಎಂಬುದಿಲ್ಲ, ಮೂರರಿಂದ ನಾಲ್ಕಕ್ಕೆ ಒಂದೇ ಮೆಟ್ಟಿಲು. ಇದನ್ನು ನೆನಪಿನಲ್ಲಿಡತಕ್ಕದ್ದು.

ಈ 12 ಮನೆಗಳಲ್ಲಿ ಯಾವುದನ್ನು ಬೇಕಾದರೂ ಷಡ್ಜವೆಂದು, ಅಂದರೆ ‘ಸ’ ಎಂದು ಹಿಡಿಯಬಹುದು. ಹಾಗೆ ಹಿಡಿದ ಮನೆಯೇ ಹಾಡುಗಾರನ ಶ್ರುತಿ. ಒಂದು ಮನೆ ಶ್ರುತಿಯಲ್ಲಿ ಶಂಕರಾಭರಣದ ಏಳು ಸ್ವರಗಳೂ ಬಿಳಿಯ ಮನೆಗಳ ಮೇಲೆಯೇ ಬೀಳುತ್ತವೆ. ಅದೇ ರಾಗವನ್ನು ಎರಡು ಮನೆ ಶ್ರುತಿಯಲ್ಲಿ ನುಡಿಸಿದರೆ ಗಾಂಧಾರ, ನಿಷಾದಗಳು ಕರಿಯ ಮನೆಗಳಿಗೆ ಹೋಗುತ್ತವೆ. ಬೆರಳು ಒತ್ತುವ ಮನೆಗಳು ಬದಲಾದುವು, ರಾಗ ಬದಲಾಗಲಿಲ್ಲ. ಏಕೆಂದರೆ ಹಾಡಿನ ಜೀವವು ಸ್ವರಗಳ ಎತ್ತರದಲ್ಲಿಲ್ಲ, ಸ್ವರಸ್ವರಗಳ ನಡುವಣ ಅಂತರದಲ್ಲಿದೆ. ನಮ್ಮ ಹೆಣ್ಣುಮಕ್ಕಳು ಸಂಕ್ರಾಂತಿಗೆ ಹಾಕುವ ಚುಕ್ಕಿ ರಂಗೋಲಿಯನ್ನು ನೆನೆಯಿರಿ. ಚುಕ್ಕಿಗಳ ನಡುವಣ ಅಂತರ ಕೆಡದಿದ್ದರೆ ಅದನ್ನು ಯಾರ ಮನೆಯ ಮುಂದೆ ಹಾಕಿದರೂ ಚಿತ್ರವು ಅದೇ.

ಇದಕ್ಕೆ ಎದುರಾದ ಒಂದು ಪ್ರಯೋಗವನ್ನೂ ಮಾಡಿ ನೋಡಬಹುದು. ನಾಲ್ಕೂವರೆ ಮನೆಯನ್ನು ‘ಸ’ ಎಂದು ಹಿಡಿದು ಐದು ಕರಿಯ ಮನೆಗಳನ್ನು ಮಾತ್ರ ಕ್ರಮವಾಗಿ ಒತ್ತಿದರೆ ಮೋಹನ ರಾಗವು ಬರುತ್ತದೆ. ಒತ್ತುವ ಮನೆಗಳನ್ನು ಬದಲಿಸದೆ, ‘ಸ’ವನ್ನು ಮಾತ್ರ ಮುಂದಿನ ಕರಿಯ ಮನೆಗೆ ತಂದರೆ ಅದು ಮಧ್ಯಮಾವತಿ, ಅದರ ಮುಂದಿನದಕ್ಕೆ ತಂದರೆ ಹಿಂದೋಳ! ಮನೆಗಳು ಅವೇ ಇದ್ದರೂ ‘ಸ’ದಿಂದ ಎಣಿಸುವ ಅಂತರಗಳು ಬದಲಾದುದರಿಂದ ರಾಗವೇ ಬೇರೆಯಾಯಿತು. ಆದುದರಿಂದ ಶ್ರುತಿಯನ್ನು ಬದಲಿಸುವಾಗ ಎಲ್ಲ ಸ್ವರಗಳನ್ನೂ ಸಮನಾಗಿ, ಅಷ್ಟಷ್ಟೇ ಮೆಟ್ಟಿಲು ಏರಿಸಬೇಕು ಅಥವಾ ಇಳಿಸಬೇಕು. ಹಾಗೆ ಮಾಡಿದಾಗ ಹಾಡಿಗೆ ಯಾವ ಹಾನಿಯೂ ಇಲ್ಲ.

ಕಂಠಗಳು ಬೇರೆ ಬೇರೆಯಾಗಲು ಕಾರಣ

ನಮ್ಮ ಗಂಟಲಿನಲ್ಲಿರುವ ಧ್ವನಿತಂತುಗಳು ಕಂಪಿಸುವುದರಿಂದ ನಾದವು ಹುಟ್ಟುತ್ತದೆ. ತಂತು ಉದ್ದವೂ ದಪ್ಪವೂ ಆಗಿದ್ದರೆ ಕಂಪನಗಳು ಕಡಿಮೆ, ನಾದವು ತಗ್ಗು. ಗಿಡ್ಡವಾಗಿದ್ದರೆ ಕಂಪನಗಳು ಹೆಚ್ಚು, ನಾದವು ಎತ್ತರ. ವಯಸ್ಕ ಗಂಡಸರ ಧ್ವನಿತಂತುಗಳು ಸುಮಾರು 17ರಿಂದ 25 ಮಿಲಿಮೀಟರ್, ಹೆಂಗಸರವು ಸುಮಾರು 12ರಿಂದ 17 ಮಿಲಿಮೀಟರ್ ಉದ್ದವಿರುತ್ತವೆ. ಹೀಗಾಗಿಯೇ ಗಂಡಸರಲ್ಲಿ ಬಹುಮಂದಿಗೆ ಒಂದು ಅಥವಾ ಎರಡು ಮನೆಯ ಆಸುಪಾಸಿನಲ್ಲಿಯೂ, ಹೆಂಗಸರಲ್ಲಿ ಬಹುಮಂದಿಗೆ ಐದು ಮನೆಯ ಆಸುಪಾಸಿನಲ್ಲಿಯೂ ಶ್ರುತಿ ಕೂಡುತ್ತದೆ. ಒಂದು ಮನೆಯಲ್ಲಿ ಹಾಡುವ ಗಂಡಸಿನ ಷಡ್ಜಕ್ಕೆ ಸೆಕೆಂಡಿಗೆ ಸುಮಾರು 131 ಕಂಪನಗಳಾದರೆ, ಐದು ಮನೆಯಲ್ಲಿ ಹಾಡುವ ಹೆಂಗಸಿನ ಷಡ್ಜಕ್ಕೆ ಸುಮಾರು 196. ಎಂದರೆ ಅವನ ಪಂಚಮವೇ ಅವಳ ಷಡ್ಜ.

ಹನ್ನೆರಡರಿಂದ ಹದಿನೈದರ ವಯಸ್ಸಿನಲ್ಲಿ ಹುಡುಗರ ಧ್ವನಿತಂತುಗಳು ಬೇಗಬೇಗನೆ ಬೆಳೆಯುತ್ತವೆ. ಧ್ವನಿಯು ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಹುಡುಗಿಯರಲ್ಲಿಯೂ ಎರಡು ಮೂರು ಮೆಟ್ಟಿಲು ಇಳಿಯುವುದುಂಟು, ಆದರೆ ಅದು ಅಷ್ಟಾಗಿ ತಿಳಿಯುವುದಿಲ್ಲ. ಹುಡುಗರಲ್ಲಿ ಈ ಕಾಲವನ್ನೇ ನಾವು “ಗಂಟಲು ಒಡೆಯಿತು” ಎನ್ನುತ್ತೇವೆ. ಒಡೆಯಿತು ಎಂಬ ಮಾತೇ ಮಗುವನ್ನು ಹೆದರಿಸುವಂಥದು. ನಿಜಕ್ಕೂ ಒಡೆದದ್ದು ಏನೂ ಇಲ್ಲ. ಬೆಳೆದದ್ದು ಮಾತ್ರ ಉಂಟು.

ರಂಗದ ಮೇಲೆ ಹಾಡುವವರು ಯಾರು?

ನಾಟಕಕ್ಕೂ ಶ್ರುತಿಗೂ ಇರುವ ತೊಡಕು ಹೇಗೆ ಬಂದಿತೆಂಬುದನ್ನು ತಿಳಿಯಲು ಸ್ವಲ್ಪ ಇತಿಹಾಸ ಬೇಕು. ಕರಾವಳಿಯ ಯಕ್ಷಗಾನದಲ್ಲಿ ಭಾಗವತನೇ ಎಲ್ಲ ಪಾತ್ರಗಳ ಪದಗಳನ್ನೂ ಹಾಡುತ್ತಾನೆ. ರಾಮನಿಗೂ ಅವನೇ, ಸೀತೆಗೂ ಅವನೇ, ರಾವಣನಿಗೂ ಅವನೇ. ಕಂಠ ಒಂದಾದುದರಿಂದ ಶ್ರುತಿಯೂ ಒಂದೇ. 1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳವು ಸಾಂಗ್ಲಿಗೆ ಹೋಗಿ ಆಟವಾಡಿತು. ಅದರಿಂದ ಪ್ರೇರಣೆ ಪಡೆದು ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾಸ್ವಯಂವರ’ವೆಂಬ ಮರಾಠಿ ನಾಟಕವನ್ನು ಆಡಿಸಿದರು. ಅಲ್ಲಿಯೂ ಹಾಡುವವನು ಸೂತ್ರಧಾರನೇ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನು ಆಡಿಸಿದಾಗ ಈ ಕ್ರಮವು ಬದಲಾಯಿತು. ಪಾತ್ರಧಾರಿಗಳೇ ತಮ್ಮ ತಮ್ಮ ಹಾಡುಗಳನ್ನು ಹಾಡತೊಡಗಿದರು.

ನಮ್ಮ ಗಡಿಸೀಮೆಗೆ ಸಮೀಪದ ಬಳ್ಳಾರಿಯಲ್ಲಿ ಧರ್ಮವರಂ ರಾಮಕೃಷ್ಣಮಾಚಾರ್ಯರು 1887ರಲ್ಲಿ ತಮ್ಮ ‘ಚಿತ್ರನಳೀಯಂ’ ನಾಟಕದ ಮೂಲಕ ತೆಲುಗು ರಂಗಕ್ಕೆ ಹಾಡು ಪದ್ಯಗಳ ಸೊಗಸನ್ನು ತಂದರು. 1884ರಲ್ಲಿ ಗುಬ್ಬಿಯ ಚನ್ನಬಸವೇಶ್ವರ ನಾಟಕ ಮಂಡಳಿಯೂ, 1885ರಲ್ಲಿ ಕಡಪ ಸೀಮೆಯಲ್ಲಿ ಸುರಭಿ ಮಂಡಳಿಯೂ ಹುಟ್ಟಿದುವು. ಮೈಸೂರಿನಲ್ಲಿ ಎ.ವಿ. ವರದಾಚಾರ್ಯರು ಅಭಿನಯದಿಂದ ಹೇಗೋ ಹಾಗೆ ಗಾಯನದಿಂದಲೂ ಜನರನ್ನು ಸೆಳೆದರು. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ನಟನ ಹಾಡು ಡೇರೆಯ ಕೊನೆಯ ಸಾಲಿಗೂ ಮುಟ್ಟಬೇಕಾಗಿತ್ತು. ಆದುದರಿಂದ ಏರುಕಂಠದವರಿಗೆ ಬೇಡಿಕೆ ಹೆಚ್ಚಾಗಿತ್ತು. ಸ್ತ್ರೀಪಾತ್ರಗಳನ್ನು ಬಹುಕಡೆ ಹುಡುಗರೇ ಮಾಡುತ್ತಿದ್ದರು. ಕಂಠವು ಬೆಳೆದು ತಗ್ಗಿದಾಗ ಅವರ ಹಾಡಿನ ಎತ್ತರವೂ ಇಳಿಯಲೇಬೇಕು. ಸುರಭಿಯವರಲ್ಲಿ ಮನೆಮಂದಿಯೆಲ್ಲ ಕಲಾವಿದರು, ಸ್ತ್ರೀಪಾತ್ರಕ್ಕೆ ಸ್ತ್ರೀಯರೇ. ಕನ್ನಡ ಕಂಪನಿಗಳಲ್ಲಿಯೂ ಕ್ರಮೇಣ ಸ್ತ್ರೀಯರು ರಂಗಕ್ಕೆ ಬಂದರು. ಹೀಗೆ ಒಂದೇ ರಾತ್ರಿ, ಒಂದೇ ರಂಗದ ಮೇಲೆ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಹಾಡುವಂತಾದಾಗ ಒಂದೇ ಶ್ರುತಿಯಲ್ಲಿ ನಾಟಕವನ್ನು ನಡೆಸುವುದು ಅಸಾಧ್ಯವಾಯಿತು.

ಹಾರ್ಮೋನಿಯಂ ಮಾಸ್ತರರ ಜಾಣ್ಮೆ

ಈ ತೊಡಕನ್ನು ಬಿಡಿಸುವ ಹೊಣೆಯು ರಂಗದ ಮುಂದೆ ಕುಳಿತ ಹಾರ್ಮೋನಿಯಂ ಮಾಸ್ತರರ ಮೇಲೆ ಬಿದ್ದಿತು. ನಮ್ಮ ಆದೋನಿ, ಆಲೂರು, ಪತ್ತಿಕೊಂಡ, ಮದ್ದಿಕೇರಗಳ ಕಡೆ ಕನ್ನಡದ ಆಟಗಳಂತೆ ತೆಲುಗಿನ ಪದ್ಯನಾಟಕಗಳೂ ಜನಪ್ರಿಯವಾದುವು. ಆ ನಾಟಕಗಳಲ್ಲಿ ಒಂದೇ ಪಾತ್ರವನ್ನು ಒಂದೇ ರಾತ್ರಿ ಇಬ್ಬರು ಮೂವರು ನಟರು ಹಂಚಿಕೊಳ್ಳುವುದುಂಟು. ಕಾಶಿಯ ದೃಶ್ಯಕ್ಕೆ ಒಬ್ಬ ಹರಿಶ್ಚಂದ್ರ, ಸ್ಮಶಾನದ ದೃಶ್ಯಕ್ಕೆ ಇನ್ನೊಬ್ಬ ಹರಿಶ್ಚಂದ್ರ. ಕಿರೀಟವೂ ಮಾತೂ ಒಂದೇ ಪಾತ್ರದವು. ಆದರೆ ಶ್ರುತಿ ಬೇರೆ. ಯಾವ ನಟನಿಗೆ ಯಾವ ಮನೆ ಎಂಬುದು ಮಾಸ್ತರರ ನಾಲಗೆಯ ತುದಿಯಲ್ಲಿಯೇ ಇರುತ್ತದೆ.

ಅವರು ಲೆಕ್ಕ ಹಾಕುವ ಬಗೆ ಹೀಗೆ. ಹಾಡಿನ ಅತ್ಯಂತ ಮೇಲಿನ ಸ್ವರ ಯಾವುದು, ಅತ್ಯಂತ ಕೆಳಗಿನ ಸ್ವರ ಯಾವುದು ಎಂಬುದನ್ನು ಮೊದಲು ನೋಡುವುದು. ಮೋಹನದ ಒಂದು ಹಾಡು ತಾರಸ್ಥಾಯಿಯ ಗಾಂಧಾರದವರೆಗೆ ಏರುತ್ತದೆ ಎಂದಿಟ್ಟುಕೊಳ್ಳಿ. ಐದು ಮನೆ ಶ್ರುತಿಯಲ್ಲಿ ಆ ಗಾಂಧಾರವು ಏಳನೆಯ ಬಿಳಿಯ ಮನೆಯ ಮೇಲೆ ಬೀಳುತ್ತದೆ. ಹಾಡುವವಳಿಗೆ ಆರನೆಯ ಬಿಳಿಯವರೆಗೆ ಮಾತ್ರ ಸುಖವಾಗಿ ಎಟುಕುವುದಾದರೆ ಎರಡು ಮೆಟ್ಟಿಲುಗಳ ಕೊರತೆಯಾಯಿತು. ಆಗ ಶ್ರುತಿಯನ್ನು ಐದರಿಂದ ನಾಲ್ಕೂವರೆ, ನಾಲ್ಕೂವರೆಯಿಂದ ನಾಲ್ಕು ಎಂದು ಎರಡು ಮೆಟ್ಟಿಲು ಇಳಿಸಿದರೆ ಗಾಂಧಾರವು ಆರನೆಯ ಬಿಳಿಗೆ ಬಂದು ಕೂಡುತ್ತದೆ. ಆದರೆ ಕೆಲಸವು ಇಲ್ಲಿಗೆ ಮುಗಿಯಲಿಲ್ಲ. ಮೇಲಿನ ಸ್ವರವು ಇಳಿದಂತೆ ಕೆಳಗಿನ ಸ್ವರವೂ ಇಳಿಯುವುದು. ಮಂದ್ರದಲ್ಲಿ ಮಾತು ಸ್ಪಷ್ಟವಾಗಿ ಕೇಳದಿದ್ದರೆ ನಾಟಕದ ಹಾಡು ಹಾಡಾಗಲಾರದು. ಎರಡು ತುದಿಗಳಿಗೂ ಒಪ್ಪುವ ಮನೆಯನ್ನು ಹುಡುಕುವುದೇ ಜಾಣತನ.

ಹೊಸ ಮನೆಯಲ್ಲಿ ನುಡಿಸುವಾಗ ಬೆರಳುಗಳ ನಡೆ ಪೂರ್ತಿ ಬದಲಾಗುತ್ತದೆ. ಇದಕ್ಕಾಗಿ ಮಾಸ್ತರರು ಹನ್ನೆರಡು ಮನೆಗಳಲ್ಲಿಯೂ ಸಾಧನೆ ಮಾಡಿರಬೇಕು. ಮನೆಗಳ ಪಟ್ಟಿಯನ್ನೇ ಎಡಕ್ಕೆ ಬಲಕ್ಕೆ ಸರಿಸಿ ಶ್ರುತಿಯನ್ನು ಬದಲಿಸಬಲ್ಲ ಹಾರ್ಮೋನಿಯಮ್ಮುಗಳೂ ಉಂಟು. ಅವುಗಳಲ್ಲಿ ಬೆರಳಿನ ನಡೆ ಅದೇ ಉಳಿಯುತ್ತದೆ. ತಬಲದವರಿಗೆ ಇಷ್ಟು ಸೌಕರ್ಯವಿಲ್ಲ. ಗಟ್ಟಗಳನ್ನು ಸುತ್ತಿಗೆಯಿಂದ ತಟ್ಟಿ ತಬಲವನ್ನು ಒಂದೆರಡು ಮೆಟ್ಟಿಲು ಏರಿಸಬಹುದು, ಇಳಿಸಬಹುದು. ಅದಕ್ಕಿಂತ ಹೆಚ್ಚು ಎಳೆದರೆ ಚರ್ಮವು ತಡೆಯದು. ಆದುದರಿಂದ ಏರುಶ್ರುತಿಗೆ ಕಿರಿಬಾಯಿಯ ತಬಲ, ಇಳಿಶ್ರುತಿಗೆ ಅಗಲಬಾಯಿಯ ತಬಲ ಎಂದು ಎರಡು ಮೂರನ್ನು ಪಕ್ಕದಲ್ಲಿ ಇಟ್ಟುಕೊಂಡಿರಬೇಕಾಗುತ್ತದೆ.

ಒಬ್ಬ ನಟನಿಂದ ಇನ್ನೊಬ್ಬನಿಗೆ ಶ್ರುತಿ ಹೊರಳುವಾಗ ಸಭಿಕರ ಕಿವಿಗೆ ಒರಟೆನಿಸಬಾರದು. ಮಾತು ನಡೆಯುತ್ತಿರುವಾಗಲೇ ಮಾಸ್ತರರು ಮೆಲ್ಲನೆ ಹೊಸ ಷಡ್ಜವನ್ನು ಹಿಡಿದು ಬಿಡುವರು. ಹಳೆಯ ಶ್ರುತಿಯ ಮಧ್ಯಮವೋ ಪಂಚಮವೋ ಹೊಸ ಷಡ್ಜವಾದರೆ ಹೊರಳಿದ್ದೇ ತಿಳಿಯುವುದಿಲ್ಲ. ಅದು ನೆಂಟರ ಮನೆಗೆ ಹೋದಂತೆ. ಗಂಡುಹೆಣ್ಣುಗಳಿಬ್ಬರೂ ಕೂಡಿ ಹಾಡುವ ಹಾಡು ಎಲ್ಲಕ್ಕಿಂತ ಕಷ್ಟ. ಅವನ ಒಂದು ಮನೆಯಲ್ಲಿ ಹಾಡಿದರೆ ಅವಳಿಗೆ ಕೆಳಗಿನ ಸ್ವರಗಳು ಸಿಕ್ಕವು. ಅವಳ ಐದು ಮನೆಯಲ್ಲಿ ಹಾಡಿದರೆ ಅವನಿಗೆ ಮೇಲಿನವು ಎಟುಕವು. ಆಗ ನಾಲ್ಕು ಮನೆಯಂತಹ ನಡುವಣ ಶ್ರುತಿಯನ್ನು ಹಿಡಿದು, ಅವನ ಸಾಲುಗಳನ್ನು ಮಧ್ಯಸ್ಥಾಯಿಯ ಕೆಳಭಾಗದಲ್ಲಿಯೂ ಅವಳ ಸಾಲುಗಳನ್ನು ಮೇಲ್ಭಾಗದಲ್ಲಿಯೂ ಇರಿಸುವುದುಂಟು. ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟರೆ ಹಾಡು ಉಳಿಯುತ್ತದೆ.

ಪಾಶ್ಚಾತ್ಯರ ಗೀತನಾಟಕಗಳಲ್ಲಿಯೂ ಇದೇ ಸಮಸ್ಯೆಯುಂಟು. ಅಲ್ಲಿ ಪ್ರತಿಯೊಂದು ವಾದ್ಯಕ್ಕೂ ಬರಹದ ಸ್ವರಲಿಪಿ. ಆದುದರಿಂದ ನಾಯಕಿಗಾಗಿ ಒಂದು ಹಾಡನ್ನು ಎರಡು ಮೆಟ್ಟಿಲು ಇಳಿಸಬೇಕಾದರೆ ಪಿಟೀಲಿನವರಿಂದ ಹಿಡಿದು ಕಹಳೆಯವರವರೆಗೆ ಎಲ್ಲರ ಹಾಳೆಗಳನ್ನೂ ಹೊಸದಾಗಿ ಬರೆಯಬೇಕು. ಈಗ ಗಣಕಯಂತ್ರವು ಆ ಕೆಲಸವನ್ನು ಸುಲಭಗೊಳಿಸಿದೆ. 1956ರಲ್ಲಿ ನ್ಯೂಯಾರ್ಕಿನಲ್ಲಿ ‘ಮೈ ಫೇರ್ ಲೇಡಿ’ ಎಂಬ ಗೀತನಾಟಕವು ರಂಗಕ್ಕೆ ಬಂದಾಗ ನಾಯಕನಾಗಿದ್ದ ರೆಕ್ಸ್ ಹ್ಯಾರಿಸನ್ನರು ಹಾಡುಗಾರರಲ್ಲ. ಅವರು ತಮ್ಮ ಹಾಡುಗಳ ಬಹುಭಾಗವನ್ನು ಲಯಬದ್ಧವಾಗಿ ಮಾತಿನಂತೆಯೇ ನುಡಿದು ಕೀರ್ತಿ ಪಡೆದರು. ನಟನ ಕಂಠಕ್ಕೆ ತಕ್ಕಂತೆ ಹಾಡನ್ನು ಹೊಂದಿಸುವುದು ಎಲ್ಲ ದೇಶದ ರಂಗಧರ್ಮವೆಂದು ಇದರಿಂದ ತಿಳಿಯುತ್ತದೆ.

ಒಂದು ನಿದರ್ಶನ

ಕೆಲವು ವರ್ಷಗಳ ಹಿಂದೆ ಮಕ್ಕಳಿಂದ ಹರಿಶ್ಚಂದ್ರನ ಕಥೆಯನ್ನು ಆಡಿಸುವ ಏರ್ಪಾಡಾಗಿತ್ತು. ಐದನೆಯ ತರಗತಿಯಿಂದಲೂ ಚೆನ್ನಾಗಿ ಹಾಡುತ್ತಿದ್ದ, ಆಗ ಒಂಬತ್ತನೆಯ ತರಗತಿಯಲ್ಲಿದ್ದ ಹುಡುಗನೊಬ್ಬನು ಹರಿಶ್ಚಂದ್ರನ ಪಾತ್ರಕ್ಕೆ ನಿಂತನು. ಆದರೆ ತಾರಸ್ವರಕ್ಕೆ ಹೋದಾಗಲೆಲ್ಲ ಅವನ ಧ್ವನಿಯು ಎರಡಾಗಿ ಸೀಳುತ್ತಿತ್ತು; ಉಳಿದ ಮಕ್ಕಳು ನಗುತ್ತಿದ್ದರು. ಎರಡು ದಿನ ಶಾಲೆಗೇ ಬರಲಿಲ್ಲ. ಮೂರನೆಯ ದಿನ ಅವನ ತಾಯಿಯೇ ಬಂದು, “ಸಾರ್, ನಮ್ಮ ಹುಡುಗನ ಗಂಟ್ಲು ಕೆಟ್ಟೈತ್ರಿ, ಅವನ್ನ ಆಟದಿಂದ ಬಿಟ್ಟುಬಿಡ್ರಿ” ಎಂದರು. ಅಭ್ಯಾಸಕ್ಕೆ ಬಂದಿದ್ದ ವೃದ್ಧ ಹಾರ್ಮೋನಿಯಂ ಮಾಸ್ತರರು ಈ ಮಾತನ್ನು ಕೇಳಿಸಿಕೊಂಡು ಹುಡುಗನನ್ನು ಕರೆಸಿದರು. ಹಾಡೆಂದು ಹೇಳಲಿಲ್ಲ, “ತಮ್ಮಾ, ಊಟ ಆಯ್ತಾ?” ಎಂದು ಕೇಳಿದರು. ಅವನು ಉತ್ತರ ಕೊಟ್ಟ ಧ್ವನಿಯನ್ನೇ ಹಾರ್ಮೋನಿಯಮ್ಮಿನಲ್ಲಿ ಹುಡುಕಿ ಹಿಡಿದರು. ಅಲ್ಲಿಂದ ಒಂದೊಂದೇ ಮೆಟ್ಟಿಲು ಕೆಳಗಿಳಿಸುತ್ತ ಅವನಿಂದ ‘ಆ’ಕಾರ ಹೇಳಿಸಿದರು. ಆರನೆಯ ಬಿಳಿಯವರೆಗೆ ನಾದವು ಸ್ಪಷ್ಟವಾಗಿತ್ತು. ಅದರ ಕೆಳಗೆ ಬರಿಯ ಉಸಿರು. ಆ ಮನೆಯನ್ನು ಮಂದ್ರ ಪಂಚಮವೆಂದು ಹಿಡಿದು ಅಲ್ಲಿಂದ ಐದು ಮೆಟ್ಟಿಲು ಮೇಲಕ್ಕೆಣಿಸಿದರು: ಆರೂವರೆ, ಏಳು, ಒಂದು, ಒಂದೂವರೆ, ಎರಡು. “ಎರಡು ಮನೆ ನಿನ್ನ ಶ್ರುತಿ, ಹಾಡು” ಎಂದರು. ಹುಡುಗನು ಹಾಡಿದನು. ಹಾಡು ಹಳೆಯದೇ, ಆದರೆ ಕೊಠಡಿಯಲ್ಲಿ ಯಾರೂ ನಗಲಿಲ್ಲ.

ಚಂದ್ರಮತಿಯಾಗಿದ್ದ ಹುಡುಗಿಯ ಶ್ರುತಿಯು ಐದು ಮನೆ. ಎರಡರ ಮಧ್ಯಮವೇ ಐದಾದುದರಿಂದ ಸ್ಮಶಾನದ ದೃಶ್ಯದಲ್ಲಿ ಇಬ್ಬರ ಹಾಡುಗಳೂ ಒಂದಕ್ಕೊಂದು ಹೊಂದಿ ನಡೆದುವು. ಮಾಸ್ತರರು ತಾಯಿಗೆ ಹೇಳಿದ ಮಾತು ನೆನಪಿನಲ್ಲಿಡತಕ್ಕಂಥದು: “ಗಂಟ್ಲು ಕೆಟ್ಟಿಲ್ಲಮ್ಮಾ, ಮನೆ ಬದಲು ಮಾಡೈತೆ, ಅಷ್ಟೇ.”

ಪೋಷಕರಿಗೂ ವಿದ್ಯಾರ್ಥಿಗಳಿಗೂ

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ಇಲ್ಲಿ ಕೆಲವರು ಎತ್ತಬಹುದು. ಶ್ರುತಿ ತಗ್ಗಿಸೆಂದು ಕೇಳುವುದು ಹಾಡಲಾರದವರ ನೆಪವಲ್ಲವೆ ಎಂದು ಅವರ ಪ್ರಶ್ನೆ. ಅಲ್ಲವೆಂಬುದೇ ಉತ್ತರ. ಶ್ರುತಿ ಬದಲಿಸುವುದು ಬೇರೆ, ಅಪಶ್ರುತಿ ಬೇರೆ. ತನ್ನ ಮನೆಯಲ್ಲಿ ನಿಂತೂ ಸ್ವರ ತಪ್ಪಿದರೆ ಅದು ಅಪಶ್ರುತಿ; ಅದಕ್ಕೆ ಅಭ್ಯಾಸವೊಂದೇ ಮದ್ದು. ಪರರ ಮನೆಯಲ್ಲಿ ನಿಲ್ಲಿಸಿದುದರಿಂದ ಸ್ವರ ತಪ್ಪಿದರೆ ಅದು ನಿಲ್ಲಿಸಿದವರ ದೋಷ.

ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಜೀವನವು ಇದಕ್ಕೆ ದೊಡ್ಡ ಸಾಕ್ಷಿ. 1913ರಲ್ಲಿ ಹುಟ್ಟಿದ ಅವರು ತಾರುಣ್ಯದಲ್ಲಿ ಗ್ರಾಮಫೋನ್ ತಟ್ಟೆಗಳಿಗೆ ಹಾಡಿದಾಗ ಅವರ ಧ್ವನಿಯು ಎತ್ತರವೂ ತೆಳುವೂ ಆಗಿತ್ತು. ಮುಂದೆ ಗಂಟಲಿನ ಗ್ರಂಥಿಗಳಿಗೆ ಚಿಕಿತ್ಸೆಯಾದ ಬಳಿಕ ಅದು ತಗ್ಗಿ, ಗಂಡುದನಿಯಷ್ಟು ಗಂಭೀರವಾಯಿತು. ಅವರು ಹಾಡನ್ನು ಬಿಡಲಿಲ್ಲ, ಷಡ್ಜವನ್ನು ಇಳಿಸಿಕೊಂಡರು. ಆ ತಗ್ಗು ಶ್ರುತಿಯ ಧೀರ ಕಂಠಕ್ಕೇ ದೇಶವು ತಲೆಬಾಗಿತು. 2002ರಲ್ಲಿ ಪದ್ಮವಿಭೂಷಣ ಪ್ರಶಸ್ತಿಯು ಅವರಿಗೆ ಸಂದಿತು.

ಈಗಿನ ಮಕ್ಕಳು ಮೊಬೈಲಿನಲ್ಲಿ ಬರುವ ಸಿದ್ಧ ವಾದ್ಯಸಂಗೀತಕ್ಕೆ ಹಾಡುವುದು ವಾಡಿಕೆಯಾಗಿದೆ. ಅದು ಮೂಲಗಾಯಕರ ಶ್ರುತಿಯಲ್ಲಿಯೇ ಇರುವುದರಿಂದ ಹತ್ತು ವರ್ಷದ ಬಾಲಕಿಯೂ ದೊಡ್ಡ ಗಂಡಸಿನ ಶ್ರುತಿಗೆ ಕಟ್ಟುಬೀಳುತ್ತಾಳೆ. ಹಿಂದೆ ಗ್ರಾಮಫೋನ್ ತಟ್ಟೆಯನ್ನು ನೂರಕ್ಕೆ ಆರರಷ್ಟು ಬೇಗ ತಿರುಗಿಸಿದರೆ ಹಾಡು ಒಂದು ಮೆಟ್ಟಿಲು ಏರುತ್ತಿತ್ತು. ಆದರೆ ಲಯವೂ ಅಷ್ಟೇ ಓಡುತ್ತಿತ್ತು. ಈಗ ಹಾಗಿಲ್ಲ. ಲಯವನ್ನು ಕೆಡಿಸದೆ ಶ್ರುತಿಯನ್ನು ಮಾತ್ರ ಒಂದೊಂದೇ ಮೆಟ್ಟಿಲು ಏರಿಸಿ ಇಳಿಸುವ ಅನುಕೂಲವು ಅನೇಕ ಮೊಬೈಲ್ ಸಾಧನಗಳಲ್ಲಿ ದೊರೆಯುತ್ತದೆ. ಹಾಡು ಕಲಿಸುವ ಮೊದಲು ಅದನ್ನು ಮಗುವಿನ ಶ್ರುತಿಗೆ ತಂದುಕೊಳ್ಳಿರಿ. ಹುಡುಗರ ಕಂಠ ಬೆಳೆಯುವ ಕಾಲದಲ್ಲಿ ತಿಂಗಳಿಗೊಮ್ಮೆಯಾದರೂ ಶ್ರುತಿಯನ್ನು ಹೊಸದಾಗಿ ಪರೀಕ್ಷಿಸಿರಿ, ಕೂಗಿ ಹಾಡಿಸಬೇಡಿರಿ, ಧ್ವನಿ ಸೀಳಿದಾಗ ನಗಬೇಡಿರಿ. ಆ ನಗೆಗೆ ಹೆದರಿ ಹದಿಮೂರರಲ್ಲಿ ಬಾಯಿ ಮುಚ್ಚಿದ ಹುಡುಗನು ಮತ್ತೆ ಜೀವಮಾನದಲ್ಲಿ ಹಾಡದೆ ಹೋಗಬಹುದು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ನೆಚ್ಚಿನ ಗಾಯಕರ ಹಾಡನ್ನು ಕಲಿಯಿರಿ, ಅವರ ಶ್ರದ್ಧೆಯನ್ನೂ ಕಲಿಯಿರಿ. ಅವರ ಶ್ರುತಿಯನ್ನು ಮಾತ್ರ ಎರವಲು ತರಬೇಡಿರಿ. ನಿಮ್ಮ ಷಡ್ಜ ಎಲ್ಲಿದೆಯೆಂದು ಮೊದಲು ಕಂಡುಕೊಳ್ಳಿರಿ. ಅದು ಒಂದು ಮನೆಯಾಗಲಿ ಆರು ಮನೆಯಾಗಲಿ, ಅದರಲ್ಲಿ ಹೆಚ್ಚು ಕಡಿಮೆಯೆಂಬುದಿಲ್ಲ. ಅಲ್ಲಿ ಸ್ಥಿರವಾಗಿ ನಿಂತವನಿಗೆ ಏಳು ಸ್ವರಗಳೂ ತಾವಾಗಿಯೇ ಒಲಿದು ಬರುವುವು.